ಬ್ಯಾಟರಿ ನೋಡ್ಕೋ

ಮಳೆಗಾಲ ಕಾಲಿಟ್ಟಿತೆಂದರೆ ಹೊಳೆದಂಡೆಯ ಆ ಮಠದಲ್ಲಿ ಎರಡು ಬಾಯಿ ಮುಚ್ಚುತ್ತಿದ್ದವು. ಒಂದು ಗುರುಗಳದು, ಇನ್ನೊಂದು ಜೀಪಿನದು.

ಕಾರಹುಣ್ಣಿಮೆಯಿಂದ ಮಹಾನವಮಿಯವರೆಗೆ ಗುರುಗಳ ಮೌನಾನುಷ್ಠಾನ. ಮಾತಿಲ್ಲ, ಬರಹವಿಲ್ಲ, ಕೈಸನ್ನೆಯೂ ಇಲ್ಲ. ಆ ದಿನಗಳಲ್ಲಿ ಭಕ್ತರೂ ಬರುತ್ತಿರಲಿಲ್ಲ. ದಾರಿಯ ಎರೆಮಣ್ಣು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು. ಹೀಗಾಗಿ ಜೀಪು ತಗಡಿನ ಶೆಡ್ಡು ಸೇರುತ್ತಿತ್ತು.

ಗುರುಗಳು ಸನ್ಯಾಸಕ್ಕೆ ಮೊದಲು ಲಾರಿ ಡ್ರೈವರಾಗಿದ್ದವರು. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಸುತ್ತಲಿನವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಶಿಷ್ಯ ಕೊಟ್ರೇಶನೂ ಹಾಗೇ ಕರೆಯುತ್ತಿದ್ದ.

ಆ ವರ್ಷ ಅನುಷ್ಠಾನಕ್ಕೆ ಕೂರುವ ಮುನ್ನ ಗುರುಗಳು ಕೊಟ್ರೇಶನ ಕೈಗೆ ಜೀಪಿನ ಕೀಲಿ ಕೊಟ್ಟರು.

“ಹೊಳಿ ತುಂಬಿದ ಮ್ಯಾಲೆ ದೋಣಿ ನಡಿಯಂಗಿಲ್ಲ. ಈ ಕೆಸರಾಗ ಯಾರನ್ನಾದ್ರೂ ಆಸ್ಪತ್ರಿಗೆ ಒಯ್ಯಬೇಕಂದ್ರ ಇದೊಂದ ಗಾಡಿ. ಬ್ಯಾಟರಿ ನೋಡ್ಕೋ.”

“ಹೂಂ ರೀ, ಅಜ್ಜಾರ.”

ಹೇಗೆ ನೋಡಿಕೊಳ್ಳಬೇಕೆಂದು ಶಿಷ್ಯ ಕೇಳಲಿಲ್ಲ. ಗುರುಗಳೂ ಹೇಳಲಿಲ್ಲ. ಅಷ್ಟರಲ್ಲಿ ಪೂಜೆಯ ಗಂಟೆ ಕೇಳಿತು, ಮೌನ ಶುರುವಾಯಿತು.

ಕೊಟ್ರೇಶ ಬಲು ಶ್ರದ್ಧೆಯವನು. ದಿನವೂ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಶೆಡ್ಡಿಗೆ ಹೋಗುತ್ತಿದ್ದ. ಜೀಪಿಗೂ ಒಂದಿಷ್ಟು ವಿಭೂತಿ ಹಚ್ಚುತ್ತಿದ್ದ. ಆಮೇಲೆ ಕೀಲಿ ತಿರುವುತ್ತಿದ್ದ. ಎಂಜಿನ್ನು ಗುರ್ ಎಂದದ್ದೇ ತಡ, ‘ಐತಿ’ ಎಂದು ಸಮಾಧಾನಪಟ್ಟು ತಕ್ಷಣ ಆರಿಸಿಬಿಡುತ್ತಿದ್ದ. ಅಜ್ಜಾರ ಅನುಷ್ಠಾನಕ್ಕೆ ಭಂಗ ಬರಬಾರದಲ್ಲ!

ಇಂಥ ಭಕ್ತಿಯನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಇಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಅದು ಜಾಗವನ್ನೇ ಕೊಡುವುದಿಲ್ಲ.

ಆಷಾಢ ಕಳೆಯುವ ಹೊತ್ತಿಗೆ ಜೀಪು ಗುರ್ ಎನ್ನುವ ಮುನ್ನ ನರಳತೊಡಗಿತು. ‘ಥಂಡಿಗೆ ಹಿಂಗಾಗೈತಿ’ ಎಂದುಕೊಂಡ ಕೊಟ್ರೇಶ.

ಒಂದು ಬೆಳಿಗ್ಗೆ ಗುರುಗಳು ಜಪದಿಂದ ಎದ್ದು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತರು. ಅವರ ತುಟಿ ಅಲುಗಿತು. ಕೊಟ್ರೇಶ ಕೈಮುಗಿದು ಕಾದ. ಗುರುಗಳು ತುಟಿ ಬಿಗಿಹಿಡಿದು ಹಿಂದಿರುಗಿದರು.

ಗಾಡಿಯ ಸದ್ದು ಅಜ್ಜಾರಿಗೆ ಕಿರಿಕಿರಿ ಮಾಡಿದೆ ಎಂದು ಶಿಷ್ಯ ನಾಚಿಕೊಂಡ. ಮರುದಿನದಿಂದ ಇನ್ನೂ ಬೇಗ ಆರಿಸತೊಡಗಿದ. ಆದರೆ ಕೀಲಿ ತಿರುವುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ದೋಣಿ ನಡೆಸುವ ಹುಲಿಗೆಪ್ಪ ಹೆಂಡತಿಯನ್ನು ಎತ್ತಿಕೊಂಡು ಓಡಿಬಂದ. ದ್ಯಾಮವ್ವ ಎಂದು ಆಕೆಯ ಹೆಸರು. ಮಠಕ್ಕೆ ದಿನಾ ಹಾಲು ಕೊಡುತ್ತಿದ್ದವಳು. ಒಲೆ ಉರಿಗೆಂದು ಕುಳ್ಳಿನ ರಾಶಿಗೆ ಕೈ ಹಾಕಿದಾಗ ಹಾವು ಕಚ್ಚಿತ್ತು.

“ಕೊಟ್ರೇಶಣ್ಣ, ಗಾಡಿ ತಗೀ! ಲಗೂನ ತಗೀ!”

ಕೊಟ್ರೇಶ ಓಡಿಹೋಗಿ ಕೀಲಿ ತಿರುವಿದ.

ಟಕ್.

ಮತ್ತೆ ತಿರುವಿದ. ಟಕ್. ಮೂರನೆಯ ಸಲ ಅದೂ ಇಲ್ಲ.

“ಯಾಕ? ಏನಾತು?”

“ಮುಂಜಾನಿ ಚಾಲೂ ಆಗಿತ್ತು ಹುಲಿಗೆಪ್ಪಣ್ಣ. ದೇವರಾಣಿ, ಮುಂಜಾನಿ ಆಗಿತ್ತು.”

ಅಲ್ಲೇ ದನ ಮೇಯಿಸುತ್ತಿದ್ದ ಇಬ್ಬರು ಓಡಿಬಂದರು. ಎಲ್ಲರೂ ಸೇರಿ ತಳ್ಳಿದರು. ಜೀಪು ಶೆಡ್ಡಿನಿಂದ ಹೊರಬಿದ್ದದ್ದೇ ಗಾಲಿಗಳು ಎರೆಮಣ್ಣಿನಲ್ಲಿ ಹೂತುಹೋದವು. ಆಂಬುಲೆನ್ಸಿಗೆ ಫೋನು ಮಾಡಿದರೆ, ಆ ಕೆಸರಿಗೆ ನಮ್ಮ ಗಾಡಿ ಇಳಿಯುವುದಿಲ್ಲ, ಡಾಂಬರು ರಸ್ತೆಯವರೆಗೆ ಕರೆತನ್ನಿ ಅಂದರು. ಅದೇನೂ ಸುಳ್ಳಲ್ಲ.

ದ್ಯಾಮವ್ವನ ರೆಪ್ಪೆಗಳು ಆಗಲೇ ಜೋಲುತ್ತಿದ್ದವು.

“ಹಾಲು ಒಲಿ ಮ್ಯಾಲೈತಿ, ಯಾರರ ಇಳಿಸ್ರಿ,” ಎಂದು ತೊದಲಿದಳು.

ಆಗ ಹಿಂದಿನಿಂದ ಒಂದು ಕೂಗು ಕೇಳಿತು.

“ತಳ್ಳಬ್ಯಾಡ್ರೋ! ಅದು ಸತ್ತೈತಿ. ಮಂಚ ತರ್ರಿ, ಹೊತ್ಕೊಂಡು ನಡೀರಿ!”

ಗುರುಗಳ ದನಿ. ಅಷ್ಟು ದಿನ ಬಳಸದೆ ಅದು ಒಡೆದುಹೋಗಿತ್ತು. ಕೊಟ್ರೇಶನ ಜೊತೆ ಅವರೂ ಮಂಚಕ್ಕೆ ಹೆಗಲು ಕೊಟ್ಟರು. ಮೊಣಕಾಲುದ್ದ ಕೆಸರಿನಲ್ಲಿ ಬಿದ್ದರು, ಎದ್ದರು, ನಡೆದರು. ಹುಲಿಗೆಪ್ಪ ಮಂಚದ ಪಕ್ಕದಲ್ಲೇ ಹೆಂಡತಿಯ ಹೆಸರು ಹಿಡಿದು ಕರೆಯುತ್ತಾ ಬಂದ. ಮೊದಮೊದಲು ಆಕೆ ಓಗೊಡುತ್ತಿದ್ದಳು.

ಡಾಂಬರು ರಸ್ತೆಯಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಅದು ಕಣ್ಣಿಗೆ ಬೀಳುವ ಹೊತ್ತಿಗೆ ದ್ಯಾಮವ್ವನ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ಮೇಲೆ ಕೊಟ್ರೇಶ ಊಟ ಬಿಟ್ಟ. ಹೂತ ಜೀಪಿನ ಮುಂದೆ ಕೂತೇ ಇದ್ದ. ಗುರುಗಳು ಮತ್ತೆ ಮೌನ ಹಿಡಿಯಲಿಲ್ಲ. ಬಂದು ಅವನ ಪಕ್ಕದಲ್ಲಿ ಕೂತರು.

“ಅಜ್ಜಾರ, ನಾ ದಿನಾ ನೋಡ್ತಿದ್ದೆ.”

“ಹೌದು. ದಿನಾ ನೋಡ್ತಿದ್ದಿ.”

“ಒಂದು ದಿನಾನೂ ಬಿಟ್ಟಿಲ್ರೀ.”

“ಅದಕ್ಕ ಬ್ಯಾಟರಿ ಸತ್ತದ್ದು.”

ಕೊಟ್ರೇಶ ತಲೆ ಎತ್ತಿದ. ಗುರುಗಳು ಎದ್ದು ಹೋಗಿ ಒಂದು ಕೊಡ ನೀರು, ಒಂದು ಚೊಂಬು ತಂದು ಅವನ ಮುಂದಿಟ್ಟರು.

“ನೀರೈತೇನು, ತಗದು ನೋಡು.”

ಕೊಟ್ರೇಶ ಒಂದು ಚೊಂಬು ತೆಗೆದ. “ಐತ್ರಿ.”

“ಚೆಲ್ಲು. ಬೆರಳಿಗೆ ಅಂಟಿದ ಹನಿ ಕೊಡಕ್ಕ ಹಾಕು. ಮತ್ತ ನೋಡು.”

ಕೊಟ್ರೇಶ ಹಾಗೇ ಮಾಡಿದ. ಗುರುಗಳು ಮತ್ತೆ ಅದನ್ನೇ ಹೇಳಿದರು, ಮತ್ತೆ ಹೇಳಿದರು. ಕೊನೆಗೆ ಚೊಂಬು ಕೊಡದ ತಳ ಕೆರೆದು ಬರಿದೇ ಬಂತು.

“ಕೀಲಿ ತಿರುವಿದಾಗ ಬ್ಯಾಟರಿ ಚೊಂಬುಗಟ್ಟಲೆ ಕೊಡತೈತಿ,” ಎಂದರು ಗುರುಗಳು. “ಗಾಡಿ ರಸ್ತಿ ಮ್ಯಾಲೆ ಒಂದಷ್ಟು ಹೊತ್ತು ಓಡಿದ್ರ ತಿರುಗಿ ತುಂಬಿಕೊಳ್ಳತೈತಿ. ನೀ ಹನಿ ಬೀಳೋದ್ರಾಗ ಆರಿಸಿದಿ.”

“ಮತ್ತ ಏನು ಮಾಡಬೇಕಿತ್ರಿ?”

“ವೈರು ಬಿಚ್ಚಿ ಇಡಬೇಕಿತ್ತು. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕಿತ್ತು. ಬೇಕಾದಾಗ ಪಾನಾ ಹಿಡಿದು ವೈರು ಬಿಗಿದ್ರ ಆಗಿಹೋತು.”

“ಅಷ್ಟ ಏನ್ರಿ?”

“ಅಷ್ಟ.”

ಕೊಟ್ರೇಶ ಬಿಕ್ಕಿ ಬಿಕ್ಕಿ ಅತ್ತ.

“ನನಗ ಪ್ರಾಯಶ್ಚಿತ್ತ ಹೇಳ್ರಿ ಅಜ್ಜಾರ. ಬದುಕಿರೋತನಕ ಮಾತು ಬಿಡ್ತೀನಿ.”

“ಮಾತು ಬಿಟ್ಟು ಯಾರನ್ನ ಉಳಿಸ್ತಿ?”

“ಹುಲಿಗೆಪ್ಪಣ್ಣಗ ಏನಂತ ಹೇಳ್ಲಿ?”

“ನಡದದ್ದನ್ನ ಹೇಳು.”

“ಅವ ನನ್ನ ಕೊಂದಾನು.”

“ಕೊಲ್ಲಂಗಿಲ್ಲ. ಅದ ಕಷ್ಟ.”

ದಿನಕರ್ಮ ಮುಗಿಸಿದ ಮೇಲೆ ಹುಲಿಗೆಪ್ಪ ಮಠಕ್ಕೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿದ್ದವು. ಕೂರೆಂದರೆ ಕೂರಲಿಲ್ಲ. ಕಟ್ಟೆಯ ಕೆಳಗೇ ನಿಂತ.

ಕೊಟ್ರೇಶ ಗುರುಗಳ ಮುಖ ನೋಡಿದ. ಆಮೇಲೆ ಕೊಟ್ರೇಶನೇ ಕಟ್ಟೆ ಇಳಿದು ಅವನೆದುರು ನಿಂತ.

“ಹುಲಿಗೆಪ್ಪಣ್ಣ, ಗಾಡಿ ತಾನಾಗಿ ಕೆಟ್ಟದ್ದಲ್ಲ. ದಿನಾ ಕೀಲಿ ತಿರುವಿ ತಿರುವಿ ಬ್ಯಾಟರಿ ಖಾಲಿ ಮಾಡಿದವ ನಾನು.”

ಹುಲಿಗೆಪ್ಪ ಅವನ ಕಡೆಗೆ ಒಂದು ಹೆಜ್ಜೆ ಇಟ್ಟ. ಅವನ ಮುಷ್ಟಿ ಒಮ್ಮೆ ಬಿಗಿಯಿತು, ಆಮೇಲೆ ಸಡಿಲವಾಯಿತು.

“ಹಂಗ ಮಾಡಿದ್ರ ಖಾಲಿ ಆಗತೈತಿ ಅಂತ ನಿನಗ ಗೊತ್ತಿತ್ತೇನು?”

“ಇಲ್ಲಣ್ಣ.”

“ಗೊತ್ತಿಲ್ಲದವನಿಗೆ ನಾ ಏನನ್ಲಿ? ಗೊತ್ತಿದ್ದೂ ಮಾಡಿದ್ರ ಇಲ್ಲೇ ಹುಗಿದುಬಿಡ್ತಿದ್ದೆ.”

ಕೊಟ್ರೇಶ ಅಲ್ಲೇ ನೆಲಕ್ಕೆ ಕುಸಿದು ಕೂತ. ಹುಲಿಗೆಪ್ಪ ಅವನನ್ನು ದಾಟಿ ಕಟ್ಟೆಯ ಹತ್ತಿರ ಹೋದ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇರುಕಿಕೊಂಡು ಗುರುಗಳ ಮುಂದೆ ಬಾಗಿದ.

“ಅಜ್ಜಾರ, ನಮ್ಮ ಸಲುವಾಗಿ ನಿಮ್ಮ ಅನುಷ್ಠಾನ ಕೆಟ್ಟೋತು. ನೀವು ಬಾಯಿ ಬಿಡಬೇಕಾತು. ಆ ಪಾಪ ನಮಗ ಬ್ಯಾಡ್ರಿ. ತಪ್ಪಾತು, ಹೊಟ್ಟ್ಯಾಗ ಹಾಕ್ಕೊಳ್ರಿ.”

ಪಾದಕ್ಕೆ ಹಣೆ ಹಚ್ಚಲು ಹೋದ. ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು.

“ಮುಟ್ಟಬ್ಯಾಡ, ಹುಲಿಗೆಪ್ಪ. ನಾ ಲಾರಿ ಹೊಡದವ. ಆ ಬ್ಯಾಟರಿ ಇಳಿಯೋ ಸದ್ದು ದಿನಾ ಮುಂಜಾನಿ ನನ್ನ ಕಿವಿಗೆ ಬೀಳ್ತಿತ್ತು. ನನಗ ಗೊತ್ತಿತ್ತು.”