ಒಡೆಯದ ಬಿಲ್ಲೆ

"ಕೇಳಿರಪ್ಪೋ ಕೇಳಿ! ಮಲ್ಲರಸ ಮಹಾರಾಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಹಂಡೆ ಕಾಯುತ್ತಿದ್ದ ಇಮಾಮನಿಗೆ ಗಲ್ಲು!"

ಹಿರೇಗುಡ್ಡದ ಬೀದಿಗಳಲ್ಲಿ ಡಂಗುರದವನು ಹೀಗೆ ಕೂಗಿಕೊಂಡು ಹೋದ. ಗುಡ್ಡದ ಬುಡದಲ್ಲಿ ಆನೆ ಗಾತ್ರದ ತಾಮ್ರದ ಹಂಡೆಯೊಂದಿತ್ತು. ಅದನ್ನು ಕಾಯಿಸಿದರೆ ಒಳಗಿನ ಹಬೆ ನೀರನ್ನು ಕೊಳವೆಯಲ್ಲಿ ನೂಕಿ, ಮೇಲೆ ಅರಮನೆಯಲ್ಲಿ ಕಾರಂಜಿ ಚಿಮ್ಮಿಸುತ್ತಿತ್ತು. ಹೋದ ತಿಂಗಳು ಆ ಹಂಡೆ ಸಿಡಿದು, ನೋಡಲು ಬಂದಿದ್ದ ರಾಜನ ಒಬ್ಬಳೇ ಮಗಳು ಪದುಮಲೆ ಸತ್ತಳು. ಅಂದಿನಿಂದ ರಾಜ ನೆಟ್ಟಗೆ ಉಂಡಿರಲಿಲ್ಲ, ಮಲಗಿರಲಿಲ್ಲ. ಮೊದಲೆರಡು ಒಗಟಿನ ಉತ್ತರ ಅವನಿಗೆ ಗೊತ್ತಿತ್ತು. ಹಂಡೆ ಮಾಡಿದ ಮುದುಕ ಆಚಾರಿ ಸಾಯುವ ಮೊದಲು ಹೇಳಿಹೋಗಿದ್ದ. ಮೂರನೆಯದರ ಉತ್ತರ ಗೊತ್ತಿರಲಿಲ್ಲ. ಅದು ತಿಳಿಯಲೆಂದೇ ಇಷ್ಟೆಲ್ಲ.

ಮೊದಲು ಬಂದವನು ದಳವಾಯಿಯ ಮಗ. ರಾಜ ಕೇಳಿದ: "ಇಬ್ಬರು ಅತಿಥಿಗಳು. ಇಬ್ಬರೂ ಮನೆಯ ಗೋಡೆಯನ್ನು ಒಂದೇ ಬಲದಿಂದ ನೂಕುತ್ತಾರೆ. ಗೋಡೆ ಬಿರಿದರೆ ಒಬ್ಬ ನೆಲ ಒದ್ದೆ ಮಾಡಿ ಸುಮ್ಮನಾಗುತ್ತಾನೆ. ಇನ್ನೊಬ್ಬ ಮನೆಮಂದಿಯನ್ನೆಲ್ಲ ಕೊಲ್ಲುತ್ತಾನೆ. ಯಾರವರು?"

"ಒಬ್ಬ ಅಳುವ ಶತ್ರು, ಇನ್ನೊಬ್ಬ ಕಾದಾಡುವ ಶತ್ರು" ಎಂದು ಅವನು ಮೀಸೆ ತಿರುವಿದ. ಮೀಸೆ ಸಮೇತ ತಲೆ ಹೋಯಿತು.

ಮರುದಿನ ಆಸ್ಥಾನದ ಪಂಡಿತ ಬಂದ. ಅಳೆದು ಸುರಿದು "ನೀರು, ಹಬೆ" ಎಂದು ಮೊದಲನೆಯದನ್ನು ದಾಟಿದ. ರಾಜ ಎರಡನೆಯದನ್ನು ಕೇಳಿದ: "ಒಬ್ಬ ಕಾವಲುಗಾರನ ಬಲ ಎಷ್ಟೆಂದು ತಿಳಿಯಲು ಅವನನ್ನು ಸಾಯಿಸಿಯೇ ನೋಡಬೇಕು. ಸತ್ತವನು ಕಾವಲಿಗೆ ಬರುವುದಿಲ್ಲ. ಬದುಕಿರುವವನನ್ನು ನಾನು ಹೇಗೆ ನಂಬಲಿ?"

"ಜಾತಕ ನೋಡಿ ನಂಬಬೇಕು, ಪ್ರಭು."

ಪಾಪ, ತನ್ನ ಜಾತಕವನ್ನು ಆ ಬೆಳಿಗ್ಗೆ ಅವನು ನೋಡಿಕೊಂಡಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಅರಮನೆಯ ಬಾಗಿಲಿಗೆ ಯಾರೂ ಸುಳಿಯಲಿಲ್ಲ. ಅಮಾವಾಸ್ಯೆಗೆ ಎರಡೇ ದಿನ ಉಳಿಯಿತು.

ಇಮಾಮನ ತಮ್ಮ ದಾವಲ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುವವನು. ಸುದ್ದಿ ಕೇಳಿ, ಗಾಳಿ ಊದುವ ತಿದಿಯನ್ನು ಯಾರದೋ ಜಗಲಿಯಲ್ಲಿ ಬಿಟ್ಟು ಓಡಿ ಬಂದ. ಮೊದಲು ಅವನು ಹೋದದ್ದು ಒಡೆದ ಹಂಡೆಯ ಚೂರುಗಳ ರಾಶಿಗೆ. ಹಂಡೆಯ ನೆತ್ತಿಯ ಕಿಂಡಿಗೆ ಅಂಗೈಯಗಲದ ತೆಳು ತಾಮ್ರದ ಬಿಲ್ಲೆಯೊಂದನ್ನು ಕೂರಿಸುತ್ತಿದ್ದರು. ಹಬೆ ಮಿತಿ ಮೀರಿದರೆ ಅದು ಹರಿದು ಹಬೆಯನ್ನು ಹೊರಗೆ ಬಿಡಬೇಕು. ರಾಶಿಯಲ್ಲಿ ಆ ಬಿಲ್ಲೆ ಸಿಕ್ಕಿತು. ಒಂದು ಗೀರೂ ಬಿದ್ದಿರಲಿಲ್ಲ. ದಾವಲ ತಿರುಗಿಸಿ ನೋಡಿದರೆ ಅಂಚಿನಲ್ಲಿ ಅಣ್ಣನ ಕೈಯ ಬೆಸುಗೆ ಕಂಡಿತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೆರೆಮನೆಗೆ ಹೋದ.

"ಅಣ್ಣಾ, ಇದು ನಿನ್ನ ಬೆಸುಗಿ. ಒಂದು ಬಿಲ್ಲಿ ಇರೋ ಜಾಗಾದಾಗ ಎರಡು ಯಾಕ ಕೂಡಿಸಿದಿ?"

ಇಮಾಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅರಮನಿಗೆ ಬಂದ ನೆಂಟರ ಮುಂದ ಬಿಲ್ಲಿ ಒಡದು ಕಾರಂಜಿ ನಿಂತಿತ್ತು. ಇನ್ನೊಮ್ಮಿ ಒಡದರ ನಿನ್ನ ತಲಿ ಒಡಸತೀನಿ ಅಂದ್ರು ಮಹಾರಾಜರು. ನನಗೂ ಮಕ್ಕಳದಾವು, ದಾವಲಾ. ಅಂಜಿದೆ. ನೀ ಬಾಯಿ ಬಿಡಬ್ಯಾಡ, ನಿನ್ನೂ ಕೊಲ್ಲತಾರ. ಸಾಯೂದಾದರ ನಾ ಒಬ್ಬನ ಸಾಯತೀನಿ."

ಮರುದಿನ ದಾವಲ ಸಭೆಯಲ್ಲಿ ನಿಂತ. ಇಮಾಮನನ್ನೂ ಬೇಡಿ ಹಾಕಿ ತಂದು ನಿಲ್ಲಿಸಿದ್ದರು.

ಮೊದಲ ಒಗಟಿಗೆ ದಾವಲ ಹೇಳಿದ: "ನೀರು ಮತ್ತ ಹಬಿ ರೀ. ಕೊಡ ಸೋರತದೋ ಇಲ್ಲೋ ಅಂತ ನಾವು ನೀರು ತುಂಬೇ ನೋಡತೀವಿ. ನೀರು ಎಷ್ಟು ಒತ್ತಿದರೂ ಕುಗ್ಗಂಗಿಲ್ಲ, ಬಿರುಕು ಬಿಟ್ಟ ಕೂಡಲೆ ಸುಮ್ಮನಾಗತದ. ಹಬಿ ಸಿಟ್ಟು ಕೂಡಿಟ್ಟುಕೊಂಡು ಕುಂತಿರತದ. ಹೊಸ ಹಂಡಿ, ಅದರ ಕೊಳವಿ, ಎಲ್ಲಾ ಮೊದಲ ತಣ್ಣೀರಿನಿಂದ ಒತ್ತಿ ನೋಡಬೇಕ್ರಿ."

ಎರಡನೆಯದಕ್ಕೆ ಅವನ ಕಣ್ಣು ಅಣ್ಣನ ಕಡೆ ಹೋಯಿತು. "ಕಾವಲುಗಾರ ಅಂದರ ಹಂಡಿ ಬಿಲ್ಲಿ ರೀ. ಅವನ ಜೋಡಿ ಹುಟ್ಟಿದವರನ್ನ ಸಾಯಿಸಿ ನೋಡಬೇಕ್ರಿ. ಒಂದೇ ತಗಡಿನಾಗ ಹತ್ತು ಬಿಲ್ಲಿ ಕತ್ತರಿಸಿ, ಮೂರನ್ನ ಒತ್ತಿ ಒಡೀಬೇಕು. ಮೂರೂ ಒಂದೇ ಒತ್ತಡಕ್ಕ ಒಡದರ ಉಳಿದ ಏಳನ್ನ ನಂಬಬೇಕು. ಹೆಚ್ಚುಕಡಿಮಿ ಆದರ ಇಡೀ ತಗಡು ಕರಗಿಸಬೇಕು."

ರಾಜ ಮೂರನೆಯದನ್ನು ಕೇಳಿದ: "ಮನೆ ಉಳಿಯಲೆಂದು ಒಬ್ಬನನ್ನು ದುರ್ಬಲನಾಗಿಯೇ ಇಟ್ಟಿದ್ದೆವು. ಆಪತ್ತು ಬಂದರೆ ಅವನು ಮೊದಲು ಸಾಯಬೇಕಿತ್ತು. ಅವನು ಸಾಯಲಿಲ್ಲ, ನನ್ನ ಮಗು ಸತ್ತಿತು. ಅವನನ್ನು ಗಟ್ಟಿ ಮಾಡಿದವರು ಯಾರು?"

ಇಮಾಮ ಬೇಡವೆಂದು ತಲೆ ಅಲ್ಲಾಡಿಸಿದ. ಆದರೂ ದಾವಲ ಮುಂದೆ ಹೋಗಿ ಬಿಲ್ಲೆಯನ್ನು ರಾಜನ ಪಾದದ ಬಳಿ ಇಟ್ಟ.

"ಗಟ್ಟಿ ಮಾಡಿದ ಕೈ ನಮ್ಮ ಅಣ್ಣಂದು, ಮಹಾರಾಜರ. ಒಡೀಬಾರದು ಅಂದ ಬಾಯಿ ನಿಮ್ಮದು."

ಭಟರು ಕತ್ತಿ ಹಿರಿದರು. ರಾಜ ಕೈಯೆತ್ತಿ ತಡೆದ. ಬಿಲ್ಲೆಯನ್ನು ಎತ್ತಿಕೊಂಡು ಬೆಸುಗೆಯ ಮೇಲೆ ಬೆರಳಾಡಿಸಿದ. "ಹೌದು, ಅಂದಿದ್ದೆ" ಎಂದ. "ಒಂದು ಕಾರಂಜಿ ನಿಂತದ್ದಕ್ಕೆ ಅಂದಿದ್ದೆ." ಆಮೇಲೆ ತುಂಬಿದ ಸಭೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತ.

ದಾವಲ ಬೇಡಿದ್ದು ಎರಡು. ಅಣ್ಣನ ಬೇಡಿ ಬಿಚ್ಚಬೇಕು. ಬಿಲ್ಲೆ ಒಡೆದದ್ದಕ್ಕೆ ಇನ್ನು ಯಾರನ್ನೂ ಗದರಬಾರದು. ರಾಜ ಎರಡನ್ನೂ ಕೊಟ್ಟು, ಹೊಸ ಹಂಡೆಯನ್ನು ಅಣ್ಣತಮ್ಮಂದಿರ ಕೈಗೇ ಒಪ್ಪಿಸಿದ. ಹೋದ ಎರಡು ತಲೆಗಳನ್ನು ಮಾತ್ರ ಯಾರಿಂದಲೂ ತಿರುಗಿ ಕೊಡಲಾಗಲಿಲ್ಲ.

ಮರುವರ್ಷ ಅದೇ ನೆಂಟರು ಅರಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಗುಡ್ಡದ ಬುಡದಲ್ಲಿ ಠಪ್ಪೆಂದಿತು. ಬಿಳಿ ಹಬೆ ಮೇಲೆದ್ದಿತು, ಕಾರಂಜಿ ಕುಸಿಯಿತು. ಎಲ್ಲರೂ ರಾಜನ ಮುಖ ನೋಡಿದರು. ರಾಜ ಎಂಜಲು ಕೈಯಲ್ಲೇ ಮೆಟ್ಟಿಲಿಳಿದು ಓಡಿದ. ಹಂಡೆಯ ಬಳಿ ಇದ್ದವರನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ನೋಡಿದ. ಯಾರಿಗೂ ಏನೂ ಆಗಿರಲಿಲ್ಲ.

ಹರಿದ ಬಿಲ್ಲೆಯನ್ನು ಇಮಾಮ ಚಿಮಟದಲ್ಲಿ ಹಿಡಿದಿದ್ದ. ರಾಜ ಅದನ್ನು ಬರಿಗೈಯಲ್ಲಿ ತೆಗೆದುಕೊಂಡ. "ಸುಡತದ್ರೀ, ಬಿಡ್ರಿ" ಎಂದು ದಾವಲ ಕೂಗಿದ.

ರಾಜ ಬಿಡಲಿಲ್ಲ. "ಒಳ್ಳೆಯದಾಯಿತು" ಎಂದು ಬಿಲ್ಲೆಗೆ ಹೇಳಿದ. "ನೀನಾದರೂ ಒಡೆದೆಯಲ್ಲ."