ಪಂಪವ್ವನ ಕುಪ್ಪಸದ ಕೆಂಪು ಕಲೆ

ಗಣಿ ಸೀಮೆಯ ಸಾಹುಕಾರ ವಾಮದೇವಪ್ಪನ ಮನೆಯಲ್ಲಿ ಒಂದು ಬೆಳಗ್ಗೆ ಕೂಗಾಟವೋ ಕೂಗಾಟ. ಹೆಂಡತಿ ಪಂಪವ್ವನಿಗೆ ಅವನೇ ಮಾಡಿಸಿಕೊಟ್ಟಿದ್ದ ಮಾಣಿಕ್ಯದ ಪದಕ ನೋಡಿದ ಅಕ್ಕಸಾಲಿಗ, "ಇದು ಮಾಣಿಕ್ಯ ಅಲ್ಲವ್ವಾ, ಉಜ್ಜಿ ಹೊಳಪು ಕೊಟ್ಟ ಕಬ್ಬಿಣದ ಅದಿರು" ಅಂದುಬಿಟ್ಟಿದ್ದ.

ಸಾಹುಕಾರ ತಡಮಾಡಲಿಲ್ಲ. ಬಟ್ಟೆ ಒಗೆಯುವವಳನ್ನು ಕರೆಸಿ ಜಗಲಿಯ ಕೆಳಗೆ ನಿಲ್ಲಿಸಿದ.

"ಹೋದ ವಾರ ಕುಪ್ಪಸದ ಜೊತೆ ಪದಕಾನೂ ನಿನ್ನ ಗಂಟಿಗೆ ಬಂದಿತ್ತು. ಹರಳು ಬದಲಾಯಿಸಿದವಳು ನೀನೇ. ಸಂಜೆಯೊಳಗೆ ತಂದಿಡು, ಇಲ್ಲಾ ಊರು ಬಿಡು!"

ಅವಳು ಅಳಲೂ ಇಲ್ಲ, ಕಾಲಿಗೆ ಬೀಳಲೂ ಇಲ್ಲ. "ಅವ್ವಾರ, ನಿಮ್ಮ ಹಳೇ ಕುಪ್ಪಸ ತರ್ರಿ" ಅಂದಳು. ಪಂಪವ್ವ ತಂದಳು. ಒಂದೊಂದರ ಎದೆಯ ಮೇಲೂ ಕೆಮ್ಮಣ್ಣಿನ ಬಣ್ಣದ ಕಲೆ.

"ಪದಕ ಬಂದ ತಿಂಗಳಿಂದ, ಆರು ವರ್ಷ ಈ ಕಲೆ ತಿಕ್ಕಿ ತಿಕ್ಕಿ ನನ್ನ ಉಗುರು ಸವೆದಾವ್ರಿ. ಬೆವರು ತಾಗಿದ್ರೆ ಅದಿರು ಬಣ್ಣ ಬಿಡ್ತೈತಿ, ಹರಳು ಬಿಡಲ್ಲ. ಹೋದ ವಾರ ನಾನೇನು ಬದಲಾಯಿಸ್ಲಿ?"

ಪಂಪವ್ವ ಹೌದೆಂದು ತಲೆಯಾಡಿಸಿದಳು. ಸಾಹುಕಾರ ಅಲ್ಲಿಗೇ ಸುಮ್ಮನಾಗಬಾರದೇ? ಮೀಸೆ ತಿರುವಿ ಗದರಿದ.

"ಹರಳು ಬಣ್ಣ ಬಿಡಲ್ಲ ಅಂತ ನಿನಗೆ ಹೇಗೇ ಗೊತ್ತು? ಹುಟ್ಟಿದಮೇಲೆ ಒಂದು ಮಾಣಿಕ್ಯ ನೋಡೀಯೇನು?"

"ವಾರಕ್ಕೊಮ್ಮೆ ನೋಡ್ತೀನ್ರೀ ಧಣಿ. ಕೆರೆ ಓಣಿ ಹುಲಿಗೆವ್ವನ ಬಟ್ಟೇನೂ ನಾನೇ ಒಗೆಯೋದು. ಆಕಿ ಕೊರಳಾಗೂ ಇಂಥದೇ ಪದಕ, ಅದೂ ಆರು ವರ್ಷದ್ದೇ. ಹಾಕೋದು ಬಿಳೀ ಕುಪ್ಪಸ. ಒಂದು ಚುಕ್ಕೆ ಕಲೆ ಇಲ್ಲ ನೋಡ್ರಿ."

ಸಾಹುಕಾರ ದಿನಾ ಸಂಜೆ ಗಾಳಿ ಸೇವನೆಗೆಂದು ಹೋಗುವುದು ಹುಲಿಗೆವ್ವನ ಮನೆಗೇ ಎಂಬುದು ಪಂಪವ್ವನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಈಗ ಪಂಪವ್ವನಿಗೂ ಗೊತ್ತಾಯಿತು. ಅವಳು ಪದಕ ಬಿಚ್ಚಿ ಗಂಡನ ಕೈಗಿಟ್ಟು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಒಗೆಯುವವಳು ಊರು ಬಿಡಲಿಲ್ಲ. ಆದರೆ ಅವತ್ತಿನಿಂದ ಸಾಹುಕಾರನ ಧೋತರಗಳು ಒಗೆಯಲು ಬರುವುದು ಕೆರೆ ಓಣಿಯ ಗಂಟಿನಲ್ಲಿ.