ಹಾಸುಗಲ್ಲಿನ ಶತ್ರು

“ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ಹೋಗುತ್ತದೆ.”

ಚಂದನಗಿರಿಯ ರಾಜ ವೀರಧವಳ ಹೀಗೆಂದು ಡಂಗುರ ಹೊಡೆಸಿದಾಗ ಜವರ ಊರ ಕೊಳದ ಮೆಟ್ಟಿಲು ತಿಕ್ಕುತ್ತಿದ್ದ. ತೆಂಗಿನ ನಾರು, ಮರಳು, ಎರಡು ಕೈ, ಇಷ್ಟೇ ಅವನ ಬಂಡವಾಳ. ರಾಜಕುಮಾರಿ ಕಾಂತಿಮತಿ ಒಂದು ವರ್ಷದಿಂದ ಹೊರಗೆ ಕಾಣಿಸಿಕೊಂಡಿರಲಿಲ್ಲ. ಯಾಕೆಂದು ಊರಿಗೆ ತಿಳಿದಿರಲಿಲ್ಲ.

ಮೊದಲು ನೆರೆರಾಜ್ಯದ ಚಂಡವರ್ಮ ಕುದುರೆಯೇರಿ ಬಂದ. ಮೊದಲ ಒಗಟಿಗೇ ಸೋತು ಸೆರೆಮನೆ ಸೇರಿದ. ಆಮೇಲೆ ತಮ್ಮ ಸೋರುವ ಪಾಠಶಾಲೆಗೆ ಹೊಸ ಮಾಡು ಹಾಕಿಸುವ ಆಸೆಯಿಂದ ಶೇಷಾವಧಾನಿಗಳು ಹೋದರು. ಅವರು ಎರಡನೆಯದರಲ್ಲಿ ಎಡವಿ ಸೆರೆಮನೆಗೇ ಹೋದರು. ದಿನಾ ಸ್ನಾನಕ್ಕೆ ಬಂದಾಗ “ಊಟ ಆಯ್ತೇನಪ್ಪ ಜವರ?” ಎಂದು ಕೇಳುತ್ತಿದ್ದವರು ಅವರೊಬ್ಬರೇ. ಸುದ್ದಿ ಕೇಳಿದ ಜವರನಿಗೆ ಕೈ ಆಡಲಿಲ್ಲ. ಮೈ ತೊಳೆದುಕೊಂಡು ನೇರ ಅರಮನೆಗೆ ನಡೆದ.

ಕಾವಲುಗಾರ ಅವನನ್ನು ತೋಟದ ದಾರಿಯಲ್ಲಿ ಕರೆದೊಯ್ದ. ಹಾಸುಗಲ್ಲಿನ ಮೇಲೆ ಉದ್ದಕ್ಕೂ ದಟ್ಟವಾದ ಮಲ್ಲಿಗೆ ಚಪ್ಪರ. “ತೀರಿಕೊಂಡ ರಾಣಿಯಮ್ಮ ನೆಟ್ಟಿದ್ದು. ದೊರೆಗಳೇ ನೀರು ಹಾಕ್ತಾರೆ, ಬೇರೆಯವರು ಮುಟ್ಟೋ ಹಾಗಿಲ್ಲ,” ಎಂದ ಕಾವಲುಗಾರ. ಜವರ ಕಾಲ್ಬೆರಳು ಊರಿ ಜೋಪಾನವಾಗಿ ಹೆಜ್ಜೆಯಿಟ್ಟ.

ಸಭೆಯಲ್ಲಿ ಕಾಂತಿಮತಿ ಕೋಲು ಹಿಡಿದು ಕೂತಿದ್ದಳು. “ಕಾಲಿಲ್ಲದೆ ನಮ್ಮ ತೋಟಕ್ಕೆ ಬಂದ, ಕೈಯಿಲ್ಲದೆ ನನ್ನನ್ನು ಕೆಡವಿದ. ಯಾರವನು? ಚಂಡವರ್ಮ ಹಾವು ಅಂದರು.”

“ಪಾಚಿ, ತಾಯಿ. ನಾನೂ ಎಷ್ಟೋ ಸಲ ಬಿದ್ದಿದ್ದೀನಿ.”

ಅವಳ ಮುಖ ಸ್ವಲ್ಪ ಅರಳಿತು. “ಆಳುಗಳು ಎಷ್ಟು ಸಲ ಹೆರೆದು ತೆಗೆದರೂ ಅವನು ಮತ್ತೆ ಬರುತ್ತಾನೆ. ಅವನ ಜೀವ ಎಲ್ಲಿ ಅಡಗಿದೆ? ಬೇರಿನಲ್ಲಿ ಅಂದರು ಅವಧಾನಿಗಳು.”

“ಪಾಚಿಗೆ ಹಿಡಿದು ಕೀಳೋ ಅಂಥ ಬೇರು ಎಲ್ಲಿದೆ ತಾಯಿ? ಕಲ್ಲಿನ ಸಂದಿನಲ್ಲಿ ನೀರು ನಿಂತಿರುತ್ತೆ. ಅಲ್ಲಿ ಚೂರು ಉಳಿದರೂ ಸಾಕು, ಮತ್ತೆ ಹಬ್ಬುತ್ತೆ.”

ಮೂರನೆಯದನ್ನು ಕೇಳುವ ಮೊದಲು ಅವಳು ತಂದೆಯ ಕಡೆ ನೋಡಿ ತಲೆ ತಗ್ಗಿಸಿದಳು. “ಆ ಶತ್ರುವನ್ನು ದಿನಾ ಉಣಿಸಿ ಸಾಕುತ್ತಿರುವವರು ಯಾರು?”

ಜವರನಿಗೆ ಉತ್ತರ ಗೊತ್ತಿತ್ತು. ಹೇಳಿದರೂ ತಲೆ ಉಳಿಯುವ ಭರವಸೆ ಇರಲಿಲ್ಲ. ಅವಧಾನಿಗಳನ್ನು ನೆನೆದು ಬಾಯಿ ತೆರೆದ.

“ತಾವೇ, ಮಹಾಸ್ವಾಮಿ.”

ರಾಜ ಎದ್ದು ನಿಂತ.

“ಆ ಚಪ್ಪರ ಬಿಸಿಲನ್ನ ಕೆಳಗೆ ಬಿಡ್ತಿಲ್ಲ. ತಾವು ಹಾಕೋ ನೀರಿಗೆ ಹರಿದುಹೋಗೋ ದಾರಿಯಿಲ್ಲ. ಬಳ್ಳಿ ಸಾಯಬೇಕಾಗಿಲ್ಲ ಸ್ವಾಮಿ, ತೆಳ್ಳಗೆ ಸವರಿದರೆ ಸಾಕು. ಪಕ್ಕದಲ್ಲಿ ಒಂದು ಸಣ್ಣ ಕಾಲುವೆ ತೋಡಿದರೆ ನಾನು ತಿಕ್ಕಿದ ಮೇಲೆ ಪಾಚಿ ಮತ್ತೆ ಬರಲ್ಲ.”

ರಾಜ ಮಗಳ ಕಡೆ ತಿರುಗಿದ. “ನಿನಗೆ ಇದು ಗೊತ್ತಿತ್ತೇನಮ್ಮ?”

“ಗೊತ್ತಿತ್ತು ಅಪ್ಪಾಜಿ. ಅಮ್ಮನ ಬಳ್ಳಿ ಸವರಿ ಅಂತ ನಿಮಗೆ ಹೇಗೆ ಹೇಳಲಿ? ಅದಕ್ಕೇ ಒಗಟು ಕಟ್ಟಿದೆ. ತಲೆ ತೆಗೆಯೋ ಮಾತು ನೀವು ಸೇರಿಸಿದ್ದು.”

ರಾಜ ಮಗಳ ಪಕ್ಕ ಬಂದು ಅವಳ ಕೋಲನ್ನು ಮುಟ್ಟಿ ನೋಡಿದ. ಆಮೇಲೆ ಜವರನಿಗೆ, “ಬೇಕಾದ್ದು ಕೇಳಪ್ಪ,” ಎಂದ.

“ಸೆರೆಯಲ್ಲಿರೋ ಇಬ್ಬರನ್ನೂ ಬಿಟ್ಟುಬಿಡಿ.”

ಅಂದೇ ಇಬ್ಬರೂ ಬಿಡುಗಡೆಯಾದರು. ಮರುದಿನ ರಾಜನೇ ಕುಡುಗೋಲು ಹಿಡಿದು ಬಳ್ಳಿ ಸವರಿದ. ಜವರ ಕಾಲುವೆ ತೋಡಿ, ಸಂದುಗಳನ್ನು ಕೆರೆದು, ಕಲ್ಲು ತಿಕ್ಕಿ ತೊಳೆದ. ನಾಲ್ಕು ದಿನದ ಬಿಸಿಲಿಗೆ ದಾರಿ ಒಣಗಿ ಬೆಳ್ಳಗಾಯಿತು. ಕಾಂತಿಮತಿ ಕೋಲೂರಿಕೊಂಡು ಆ ತುದಿಯವರೆಗೆ ಒಬ್ಬಳೇ ನಡೆದು ಬಂದಳು. ರಾಜ ಜವರನನ್ನು ಅರಮನೆಯ ತೋಟಗಳಿಗೆಲ್ಲ ಯಜಮಾನನನ್ನಾಗಿ ಮಾಡಿದ. ಪಾಠಶಾಲೆಗೂ ಹೊಸ ಮಾಡು ಬಂತು.

ಮದುವೆಯ ಮಾತನ್ನು ವರ್ಷದ ನಂತರ ಎತ್ತಿದವಳು ಕಾಂತಿಮತಿಯೇ. ಜವರ ನಾಚಿ, ತನ್ನ ಒರಟು ಅಂಗೈಗಳನ್ನು ಅವಳಿಗೆ ತೋರಿಸಿದ. ಅವಳು ಅವುಗಳನ್ನು ಹಿಡಿದುಕೊಂಡು, “ನನಗೂ ತಿಕ್ಕೋದು ಕಲಿಸಬೇಕು, ಅದೊಂದೇ ಷರತ್ತು,” ಎಂದಳು.